ಊರ ಹತ್ತಿರದ ಕಾನೂನು ಕಾಲೇಜು: ಸೇರುವ ಮೊದಲು ಕೇಳಬೇಕಾದದ್ದು



ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ನಡೆದ ಮೊದಲ ಶಿವಾನುಭವ ಗೋಷ್ಠಿ ಅದು. ಪ್ರಸಾದ ಮುಗಿಸಿ ಕೈ ತೊಳೆಯುತ್ತಿದ್ದೆ. ರಾಯಬಾಗ ತಾಲ್ಲೂಕಿನ ಒಕ್ಕಲುತನದ ಶರಣರೊಬ್ಬರು ಮಗಳನ್ನು ಕರೆದುಕೊಂಡು ಬಂದು ನಿಂತರು. "ಅಣ್ಣಾರ, ಹುಡುಗಿ ವಕೀಲಕಿ ಕಲೀತೇನಿ ಅಂತಾಳ. ದೂರ ಕಳಿಸೂ ತಾಕತ್ತ ನಮಗಿಲ್ಲ. ಹತ್ತಿರದ ಸಣ್ಣ ಕಾಲೇಜಿಗೆ ಹಾಕಿದ್ರ ನಡೀತೈತೇನ್ರಿ? ನಮ್ಮ ಮಂದಿ ನಡಸೂ ಕಾಲೇಜ ಯಾವುದರ ಇದ್ರ ಹೇಳ್ರಿ" ಎಂದರು.

ರೂಢಿಯಂತೆ ಒಂದು ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಹೇಳಲಿಲ್ಲ. ಹೇಳದಿರುವುದಕ್ಕೆ ಒಂದು ಕಾರಣವಿದೆ. ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳದೆ ಈ ಸಂಪಾದಕೀಯ ಬರೆಯುವುದು ಸರಿಯಲ್ಲ.

ಕೆಲವು ವರ್ಷಗಳ ಹಿಂದೆ ಅಥಣಿ ಕಡೆಯ ಹುಡುಗನೊಬ್ಬನಿಗೆ ಇಂಥದ್ದೇ ಸಲಹೆ ಕೊಟ್ಟಿದ್ದೆ. "ನಮ್ಮವರ ಸಂಸ್ಥೆ, ಆಡಳಿತ ಮಂಡಳಿಯಲ್ಲಿ ಎಲ್ಲರೂ ಪರಿಚಯದವರು, ಚಿಂತೆ ಬೇಡ" ಎಂದು ಹೇಳಿ ಒಂದು ಪತ್ರವನ್ನೂ ಬರೆದುಕೊಟ್ಟೆ. ಆ ಕಾಲೇಜು ಈ ಐದು ತಾಲ್ಲೂಕುಗಳಲ್ಲಿಲ್ಲ. ಹೆಸರು ಇಲ್ಲಿ ಬೇಡ. ಹುಡುಗ ಪದವಿ ಪಡೆದು ಬಂದ. ಮನೆಯವರು ಪೇಢೆ ಹಂಚಿದರು. ಅದೇ ವರ್ಷ ಅವರ ಹೊಲದ ಬದುವಿನ ತಂಟೆ ಎದ್ದಿತು. ಎದುರಿನವರಿಗೆ ಒಂದು ನೋಟೀಸು ಬರೆ ಎಂದು ತಂದೆ ಮಗನಿಗೆ ಹೇಳಿದರು. ಹುಡುಗ ಮಧ್ಯಾಹ್ನವಿಡೀ ಹಾಳೆಯ ಮುಂದೆ ಕುಳಿತಿದ್ದ. ಕಡೆಗೆ ನನ್ನ ಹತ್ತಿರ ಬಂದು, "ಕಾಕಾ, ಇದನ್ನ ನಮಗ ಯಾರೂ ಬರಸೇ ಇಲ್ಲರಿ" ಎಂದ. ವಕೀಲರ ಪರೀಕ್ಷೆಯಲ್ಲಿ ಎರಡು ಸಲ ಉಳಿದ. ಈಗ ಸಾಲ ವಸೂಲಿಯ ಕೆಲಸದಲ್ಲಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಾಗ ಇಂದಿಗೂ ಕೈ ಮುಗಿಯುತ್ತಾನೆ. ಆ ಕೈಮುಗಿತ ನನಗೆ ಭಾರವಾಗುತ್ತದೆ. ಆಡಳಿತ ಮಂಡಳಿಯಲ್ಲಿ ಯಾರಿದ್ದಾರೆಂದು ನೋಡಿದ ನಾನು, ತರಗತಿಯಲ್ಲಿ ಏನು ನಡೆಯುತ್ತದೆಂದು ಒಂದು ದಿನವೂ ಹೋಗಿ ನೋಡಿರಲಿಲ್ಲ.

ಹಾಗಾಗಿ ಈ ಸಲ ಹೆಸರು ಹೇಳುವ ಬದಲು, "ಬರ್ರಿ, ಹೋಗಿ ನೋಡಿಕೊಂಡು ಬರೂಣು" ಎಂದೆ.

ಈ ಪ್ರಶ್ನೆ ಒಂದು ಮನೆಯದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನೂರಾರು ಮನೆಗಳದ್ದು. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ದೇಶಮಟ್ಟದ ಪ್ರವೇಶ ಪರೀಕ್ಷೆ ಗೆಲ್ಲಬೇಕು, ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಕು. ನಿಪ್ಪಾಣಿ, ಕಾಗವಾಡದ ಕೆಲವರು ಗಡಿ ದಾಟಿ ಕೊಲ್ಹಾಪುರ, ಸಾಂಗ್ಲಿಗೆ ಹೋಗುತ್ತಾರೆ. ಉಳಿದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹತ್ತಿರದ ಕಾಲೇಜೇ ಗತಿ. ಚಿಕ್ಕೋಡಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾನೂನು ಕಾಲೇಜಿದೆ. ಬೆಳಗಾವಿಯಲ್ಲಿ ಹಳೆಯ ಕಾಲೇಜುಗಳಿವೆ. ಇವೆಲ್ಲ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪಾಠ, ಪರೀಕ್ಷೆಗಳಿಗೆ ಸೇರಿದವು. 2009ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದಿಂದಾಗಿ ಸಣ್ಣ ಊರಿನ ವಿದ್ಯಾರ್ಥಿಗೂ ದೊಡ್ಡ ಊರಿನ ವಿದ್ಯಾರ್ಥಿಗೂ ಪ್ರಶ್ನೆಪತ್ರಿಕೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪ್ರಶ್ನೆಪತ್ರಿಕೆಯ ಆಚೆ ಕಾಲೇಜು ಏನು ಮಾಡಿಸುತ್ತದೆ ಎಂಬುದರಲ್ಲಿದೆ.

ಮೊದಲು ನೋಡಿದ ಕಾಲೇಜೂ ಈ ಐದು ತಾಲ್ಲೂಕುಗಳ ಹೊರಗಿನದು. ಕಚೇರಿಯಲ್ಲಿದ್ದವರು ಬಹಳ ಮರ್ಯಾದೆಯಿಂದ ಚಹಾ ತರಿಸಿದರು. ತಂದೆ ಬಸ್ಸಿನ ತೊಂದರೆ ಹೇಳಿಕೊಂಡಾಗ, "ಹಾಜರಿ ಬಗ್ಗೆ ಚಿಂತಿ ಮಾಡಬ್ಯಾಡ್ರಿ. ಪರೀಕ್ಷಾಕ್ಕ ಬಂದ್ರ ಸಾಕು, ಉಳಿದದ್ದು ನಾವು ಹೊಂದಿಸ್ತೇವಿ" ಎಂದರು. ತಂದೆಯ ಮುಖ ಅರಳಿತು. "ಚಲೋ ಆತಲ್ರೀ ಅಣ್ಣಾರ, ಬಸ್ ಖರ್ಚೂ ಉಳೀತು" ಎಂದರು. ಹುಡುಗಿ ಅಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು: "ಕಾಕಾ, ಹೋಗದನ ಪಾಸಾಗೂದಾದ್ರ ನಾ ಏನು ಕಲೀತೇನ್ರಿ?"

ಆ ಹದಿನೆಂಟರ ಹುಡುಗಿಗೆ ಹೊಳೆದದ್ದು ನಮಗೆ ಹೊಳೆಯಬೇಕಿತ್ತು. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ಪ್ರತಿ ವಿಷಯದಲ್ಲೂ ಶೇ. 70 ಹಾಜರಿ ಇರಬೇಕೆಂದು ಹೇಳುತ್ತವೆ. ಕಾನೂನು ಕಲಿಸುವ ಮನೆಯೇ ಕಾನೂನು ಮುರಿಯಲು ಮೊದಲ ದಿನ ಕಲಿಸಿದರೆ, ಅಲ್ಲಿಂದ ಬಂದವರು ನ್ಯಾಯಾಲಯದಲ್ಲಿ ಯಾವ ಮುಖದಿಂದ ಸತ್ಯದ ಪರ ನಿಲ್ಲುತ್ತಾರೆ? ಕಾಯಕ ಮಾಡದೆ ಕೂಲಿ ಪಡೆಯುವುದನ್ನು ಶರಣರು ಒಪ್ಪಲಿಲ್ಲ. ತರಗತಿಗೆ ಹೋಗದೆ ಪದವಿ ಪಡೆಯುವುದು ಅದಕ್ಕಿಂತ ಬೇರೆಯೇನೂ ಅಲ್ಲ. ಯಾವ ಕಾಲೇಜು ಹಾಜರಿ ವಿನಾಯಿತಿಯನ್ನೇ ಆಕರ್ಷಣೆಯಾಗಿ ತೋರಿಸುತ್ತದೋ, ಆ ಕಾಲೇಜಿನ ಮೆಟ್ಟಿಲಿಂದಲೇ ತಿರುಗಿ ಬನ್ನಿ.

ನಂತರದ ದಿನಗಳಲ್ಲಿ ಇನ್ನೂ ಕೆಲವು ಕಾಲೇಜುಗಳನ್ನು ನೋಡಿದೆವು. ಹಿರಿಯ ವಕೀಲರನ್ನು, ಪಾಠ ಹೇಳುವವರನ್ನು ಕೇಳಿ ತಿಳಿದೆವು. ಏನು ನೋಡಬೇಕು, ಏನು ಕೇಳಬೇಕು ಎಂಬುದನ್ನು ಇತರ ಮನೆಗಳಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲನೆಯದು ಮಾನ್ಯತೆ. ವಿಶ್ವವಿದ್ಯಾಲಯದ ಸಂಯೋಜನೆಯ ಜೊತೆಗೆ ವಕೀಲರ ಪರಿಷತ್ತಿನ ಅನುಮೋದನೆಯೂ ಇರಬೇಕು. ಅನುಮೋದನೆ ಯಾವ ವರ್ಷದವರೆಗೆ ಇದೆ ಎಂಬ ಪತ್ರವನ್ನು ಕೇಳಿ ನೋಡಿರಿ. ಅದಿಲ್ಲದಿದ್ದರೆ ಮುಂದೆ ವಕೀಲರಾಗಿ ಹೆಸರು ನೋಂದಾಯಿಸುವಾಗ ತೊಡಕು. ಪಿಯುಸಿ ಆದವರಿಗೆ 5 ವರ್ಷದ ಕೋರ್ಸು, ಪದವಿ ಆದವರಿಗೆ 3 ವರ್ಷದ್ದು. ಪ್ರವೇಶಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 45, ಹಿಂದುಳಿದ ವರ್ಗದವರಿಗೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಇಷ್ಟನ್ನು ಕಚೇರಿಯಲ್ಲೇ ಹೇಳುತ್ತಾರೆ. ಮುಂದಿನದನ್ನು ನಾವೇ ಕಣ್ಣಾರೆ ನೋಡಬೇಕು.

ಎರಡನೆಯದು ಗ್ರಂಥಾಲಯ. ಎಷ್ಟು ಸಾವಿರ ಪುಸ್ತಕಗಳಿವೆ ಎಂದು ಕೇಳಬೇಡಿ. ಆ ಸಂಖ್ಯೆಯಿಂದ ಏನೂ ತಿಳಿಯದು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ಅಪರಾಧ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತಾ, ನಾಗರಿಕ ಸುರಕ್ಷಾ ಸಂಹಿತಾ, ಸಾಕ್ಷ್ಯ ಅಧಿನಿಯಮ ಎಂಬ ಮೂರು ಹೊಸ ಕಾನೂನುಗಳು ಬಂದಿವೆ. ಆ ಹೊಸ ಪುಸ್ತಕಗಳನ್ನು ತೋರಿಸಿ ಎನ್ನಿ. ಹಳೆಯವೂ ಬೇಕು, ಏಕೆಂದರೆ ಹಳೆಯ ಮೊಕದ್ದಮೆಗಳು ಇನ್ನೂ ನಡೆಯುತ್ತಿವೆ. ಆದರೆ ಹಳೆಯವು ಮಾತ್ರ ಇದ್ದರೆ ಆ ಗ್ರಂಥಾಲಯಕ್ಕೆ ಇತ್ತೀಚೆಗೆ ಯಾರೂ ಹಣ ಹಾಕಿಲ್ಲವೆಂದು ತಿಳಿಯಿರಿ. ಪುಸ್ತಕ ತೆಗೆದುಕೊಂಡವರ ದಾಖಲೆ ಪುಸ್ತಕವನ್ನೂ ನೋಡಿರಿ. ಕಪಾಟಿನ ಬೀಗ ತುಕ್ಕು ಹಿಡಿದಿದ್ದರೆ ಬೇರೆ ಪ್ರಶ್ನೆ ಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದ ಕೈಕೆಲಸ. ಪರಿಷತ್ತಿನ ನಿಯಮದಂತೆ ಪ್ರತಿ ವಿದ್ಯಾರ್ಥಿಯೂ ದಾವೆ, ಜಾಮೀನು ಅರ್ಜಿ ಮುಂತಾದ 15 ಕರಡುಗಳನ್ನೂ, ಕ್ರಯಪತ್ರ, ಮೃತ್ಯುಪತ್ರದಂಥ 15 ದಸ್ತಾವೇಜುಗಳನ್ನೂ ಬರೆದು ಕಲಿಯಬೇಕು. ವರ್ಷಕ್ಕೆ ಮೂರು ಅಣಕು ನ್ಯಾಯಾಲಯಗಳಲ್ಲಿ ವಾದಿಸಬೇಕು. ಎರಡು ಮೊಕದ್ದಮೆಗಳ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಿ ಬರೆಯಬೇಕು. 3 ವರ್ಷದ ಕೋರ್ಸಿನವರು ಒಟ್ಟು 12 ವಾರ, 5 ವರ್ಷದವರು 20 ವಾರ ವಕೀಲರ ಕಚೇರಿಯಂಥ ಕಡೆ ತರಬೇತಿ ಪಡೆಯಬೇಕು. ಕಳೆದ ವರ್ಷದ ವಿದ್ಯಾರ್ಥಿಗಳ ಕರಡು ಪುಸ್ತಕಗಳನ್ನು ನಾಲ್ಕೈದು ತೆರೆದು ನೋಡಿರಿ. ಎಲ್ಲದರಲ್ಲೂ ಒಂದೇ ವಾದಿ, ಒಂದೇ ಪ್ರತಿವಾದಿ, ಒಂದೇ ತಪ್ಪು ಕಂಡರೆ, ಒಬ್ಬ ಬರೆದಿದ್ದಾನೆ, ಉಳಿದವರು ನಕಲು ಮಾಡಿದ್ದಾರೆ. ಶಿಕ್ಷಕರ ಕೆಂಪು ಶಾಯಿಯ ತಿದ್ದುಪಡಿಗಳು ಪುಟ ತುಂಬ ಇದ್ದರೆ ಸಂತೋಷಪಡಿ. ಅಲ್ಲಿ ಪಾಠ ನಡೆಯುತ್ತಿದೆ. ನಾನು ಕಳಿಸಿದ ಆ ಹುಡುಗನಿಗೆ ತಪ್ಪಿಹೋದದ್ದು ಈ ಕೆಂಪು ಶಾಯಿಯೇ.

ನಾಲ್ಕನೆಯದು ಶಿಕ್ಷಕರು. ಪೂರ್ಣಾವಧಿಯವರು ಎಷ್ಟು ಮಂದಿ, ವರ್ಷ ವರ್ಷವೂ ಬದಲಾಗುತ್ತಾರೆಯೇ, ವಕೀಲರು ಬಂದು ಪಾಠ ಹೇಳುತ್ತಾರೆಯೇ? ಸಾಧ್ಯವಾದರೆ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲು ಅನುಮತಿ ಕೇಳಿರಿ. ಒಳ್ಳೆಯ ಕಾಲೇಜು ಬೇಡವೆನ್ನುವುದಿಲ್ಲ.

ಐದನೆಯದು ಭಾಷೆ. ನಮ್ಮ ಮಕ್ಕಳು ಹೆದರುವುದು ಇಲ್ಲಿಯೇ. ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಉತ್ತರವನ್ನು ಪೂರ್ತಿಯಾಗಿ ಇಂಗ್ಲಿಷಿನಲ್ಲಿ ಅಥವಾ ಪೂರ್ತಿಯಾಗಿ ಕನ್ನಡದಲ್ಲಿ ಬರೆಯಬಹುದೆಂಬ ಸೂಚನೆಯಿದೆ. ವಕೀಲರ ಅಖಿಲ ಭಾರತ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲೇ, ಕೆಲವೊಮ್ಮೆ ಮರಾಠಿಯಲ್ಲಿ. ಆದರೆ ಧಾರವಾಡದ ಹೈಕೋರ್ಟ್ ಪೀಠದ ಮುಂದೆ ವಾದಿಸಲು ಇಂಗ್ಲಿಷ್ ಬೇಕೇ ಬೇಕು. ಕನ್ನಡದಲ್ಲಿ ತಿಳಿಸಿ, ಇಂಗ್ಲಿಷಿನಲ್ಲಿ ಓದಲು, ಬರೆಯಲು ದಿನದಿನಕ್ಕೂ ಕೈಹಿಡಿದು ನಡೆಸುವ ಕಾಲೇಜು ಒಳ್ಳೆಯದು. ಕನ್ನಡ ಬೇಡವೆನ್ನುವುದೂ, ಇಂಗ್ಲಿಷ್ ಬೇಕಿಲ್ಲವೆನ್ನುವುದೂ ಎರಡೂ ಮಕ್ಕಳಿಗೆ ಮೋಸವೇ.

ಕೊನೆಯದಾಗಿ ಕೇಳಬೇಕಾದದ್ದು ಕಾಲೇಜಿನಲ್ಲಲ್ಲ, ಕೋರ್ಟಿನಲ್ಲಿ. ನಾವು ಮೂವರೂ ಒಂದು ದಿನ ಚಿಕ್ಕೋಡಿಯ ಕೋರ್ಟಿನ ಆವರಣಕ್ಕೆ ಹೋದೆವು. ಅಲ್ಲಿ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯವೂ ಕೂರುತ್ತದೆ. ವಕೀಲರ ಸಂಘದ ಹಿರಿಯರೊಬ್ಬರನ್ನು, "ಹೊಸದಾಗಿ ಬಂದವರಲ್ಲಿ ಯಾರ ಕೈಗೆ ಕಡತ ಕೊಡ್ತೀರಿ? ಅವರು ಎಲ್ಲಿ ಕಲಿತವರು?" ಎಂದು ಕೇಳಿದೆ. ಅವರು ನಕ್ಕು ಹೇಳಿದರು: "ದೊಡ್ಡ ಕಾಲೇಜು, ಸಣ್ಣ ಕಾಲೇಜು ನಾ ನೋಡೂದಿಲ್ರಿ. ಮುಂಜಾನೆ ಹತ್ತಕ್ಕ ಬಂದು, ಸಂಜಿಗೆ ಕಡತ ಓದಿ, ಕೇಳದನ ಟಿಪ್ಪಣಿ ಬರೆದು ಇಡೂವಂಥವರಿಗೆ ಕೊಡ್ತೇನಿ. ಅಂಥವರು ನಿಮ್ಮ ಸಣ್ಣ ಕಾಲೇಜಿಂದಾನೂ ಬರ್ತಾರ, ಆದ್ರ ಎಲ್ಲಾ ಸಣ್ಣ ಕಾಲೇಜಿಂದ ಬರೂದಿಲ್ಲ." ಈ ಒಂದು ಮಾತಿನಲ್ಲಿ ನಮ್ಮ ಹುಡುಕಾಟದ ಉತ್ತರವೆಲ್ಲ ಇತ್ತು.

ಹತ್ತಿರದ ಸಣ್ಣ ಕಾಲೇಜಿಗೆ ದೂರದ ದೊಡ್ಡ ಕಾಲೇಜಿಗಿಲ್ಲದ ಒಂದು ಬಲವಿದೆ. ಈ ಸೀಮೆಯ ವ್ಯಾಜ್ಯಗಳೇ ಬೇರೆ. ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದವರು. ಇಲ್ಲಿನ ಹಳೆಯ ಜಮೀನು ಕಾಗದಗಳು ಮರಾಠಿಯಲ್ಲಿವೆ, ಎಷ್ಟೋ ಮೋಡಿ ಲಿಪಿಯಲ್ಲಿವೆ. 1948ರ ಮುಂಬಯಿ ಗೇಣಿ ಕಾಯ್ದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ, ಆಮೇಲೆ 1974ರ ಭೂಸುಧಾರಣೆ, ಇವುಗಳ ಜಾಡು ತಿಳಿಯದೆ ಒಂದು ಹೊಲದ ಹಕ್ಕು ಹೇಳಲಾಗದು. ಕಬ್ಬು ಬೆಳೆಗಾರನಿಗೆ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಎಷ್ಟು ರೈತರಿಗೆ ಅದು ಗೊತ್ತು? ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರಿಗೆ 2025ರವರೆಗೆ 1966ರದೇ ಪ್ರತ್ಯೇಕ ಕಾಯ್ದೆಯಿತ್ತು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಅದರ ಗಾಯ ಈ ಭಾಗದಲ್ಲಿ ಇನ್ನೂ ಮಾಗಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಅದನ್ನು ಗಟ್ಟಿಮಾಡಿತು. ಆದರೂ ನಮ್ಮ ಮನೆಗಳಲ್ಲೇ ಹಕ್ಕುಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಹಾಕಿಸುವುದು ನಿಂತಿಲ್ಲ.

ಇದನ್ನೆಲ್ಲ ಬಲ್ಲ ಹಿರಿಯ ವಕೀಲರು ಇರುವುದು ಇದೇ ಊರುಗಳ ಕೋರ್ಟುಗಳಲ್ಲಿ. ಕಾಲೇಜು ಅವರನ್ನು ಕರೆಸಿದರೆ, ವಿದ್ಯಾರ್ಥಿಗಳನ್ನು ಅವರ ಕಚೇರಿಗೆ ಕಳಿಸಿದರೆ, ಅದು ಬೆಂಗಳೂರಿನಲ್ಲಿ ಸಿಗದ ವಿದ್ಯೆ. ಕಾಲೇಜಿನಲ್ಲಿ ಕಾನೂನು ನೆರವಿನ ಕೇಂದ್ರ ಇರಲೇಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಪರಿಶಿಷ್ಟರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಆ ಕೇಂದ್ರದ ನೋಂದಣಿ ಪುಸ್ತಕದಲ್ಲಿ ಈ ವರ್ಷ ಯಾವ ಹಳ್ಳಿಯವರು ಬಂದಿದ್ದಾರೆ ಎಂದು ಕೇಳಿ ನೋಡಿರಿ. ಫಲಕ ಮಾತ್ರ ಇದ್ದು ಪುಸ್ತಕ ಖಾಲಿಯಿದ್ದರೆ, ಸಮೀಪದ ಕಾಲೇಜಾಗಿಯೂ ಅದು ಜನರಿಗೆ ದೂರವೇ.

ಸಣ್ಣದು ಎಂದು ಕೀಳಾಗಿ ಕಾಣುವವರಿಗೂ ಒಂದು ಮಾತು. 1939ರಲ್ಲಿ ಕರ್ನಾಟಕ ಕಾನೂನು ಸೊಸೈಟಿ ಬೆಳಗಾವಿಯಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ತೆರೆದಾಗ ಅದೂ ಒಂದು ಜಿಲ್ಲಾ ಊರಿನ ಕಾಲೇಜೇ. ಅಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು, ಕೆ.ಕೆ. ವೇಣುಗೋಪಾಲ್ ದೇಶದ ಅಟಾರ್ನಿ ಜನರಲ್ ಆದರು. 1916ರಲ್ಲಿ ಕೆ.ಎಲ್.ಇ. ಕಟ್ಟಿದವರು ಏಳು ಜನ ಶಿಕ್ಷಕರು. ಇನ್ನು ನಮ್ಮ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಹೇಗಿರಲಿ? ಅವರು ವಿಜಯಪುರದ ವಕೀಲರು. ವಕೀಲಿಯ ದುಡಿಮೆಯನ್ನು ತಾಡೋಲೆ ಹುಡುಕುವುದಕ್ಕೆ, ಮುದ್ರಣಾಲಯಕ್ಕೆ ಸುರಿದು 1923ರಲ್ಲಿ ವಚನಶಾಸ್ತ್ರಸಾರವನ್ನು ನಾಡಿನ ಕೈಗಿಟ್ಟರು. ಕರಿಕೋಟು ಕಾಯಕವಾದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪದವಿಯ ನಂತರದ ದಾರಿಯನ್ನೂ ಮೊದಲೇ ತಿಳಿದಿರಬೇಕು. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಗೆ ಸಾಮಾನ್ಯ ವರ್ಗದವರು 750 ರೂಪಾಯಿ, ಪರಿಶಿಷ್ಟರು 125 ರೂಪಾಯಿಗಿಂತ ಹೆಚ್ಚು ಕೊಡಬೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 30ರಂದು ತೀರ್ಪಿತ್ತಿದೆ. ಬಡಮಕ್ಕಳಿಗೆ ಇದು ದೊಡ್ಡ ಆಸರೆ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಸಂವಿಧಾನ ಪೀಠ 2023ರ ಫೆಬ್ರವರಿಯಲ್ಲಿ ಎತ್ತಿಹಿಡಿಯಿತು. ಆ ಮೊಕದ್ದಮೆ ಹುಟ್ಟಿದ್ದೇ ಮಧ್ಯಪ್ರದೇಶದ ಒಂದು ಕಾನೂನು ಕಾಲೇಜಿನ ಮಾನ್ಯತೆಯ ತಕರಾರಿನಿಂದ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ 3 ವರ್ಷ ವಕೀಲಿ ಮಾಡಿರಬೇಕೆಂದು 2025ರ ಮೇ 20ರ ತೀರ್ಪು ಹೇಳಿದೆ. ಅಂದರೆ ಓದಿ, ಪರೀಕ್ಷೆ ಬರೆದು ನೇರವಾಗಿ ನ್ಯಾಯಾಧೀಶರಾಗುವ ಕನಸಿಗೂ ಈಗ ಕೋರ್ಟಿನ ಧೂಳಿನ ಮೂಲಕವೇ ದಾರಿ. ಆ ಮೂರು ವರ್ಷ ಕೂರಿಸಿಕೊಳ್ಳುವ ಹಿರಿಯರು ಯಾರು ಎಂಬುದನ್ನು ಕಾಲೇಜಿನ ದಿನಗಳಲ್ಲೇ ಕಂಡುಕೊಳ್ಳಬೇಕು.

ಈಗ ಮಠಗಳಿಗೆ, ಸಂಸ್ಥೆಗಳನ್ನು ನಡೆಸುವ ಹಿರಿಯರಿಗೆ ನನ್ನ ಬಿನ್ನಹ. 2025ರ ಆಗಸ್ಟ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಹೊಸ ಕಾನೂನು ಕಾಲೇಜುಗಳಿಗೆ 3 ವರ್ಷ ತಡೆ ಹಾಕಿದೆ. ಗುಣಮಟ್ಟವಿಲ್ಲದ ಕಾಲೇಜುಗಳು ಹೆಚ್ಚಿದ್ದೇ ಕಾರಣ. ಹೊಸ ಕಲ್ಲು ಹಾಕುವ ಸಮಾರಂಭ ಸದ್ಯಕ್ಕಿಲ್ಲ. ಇರುವ ಮನೆಯನ್ನು ಸರಿಮಾಡುವ ಕೆಲಸವಿದೆ. "ನಮ್ಮವರ ಕಾಲೇಜು" ಎಂಬುದು ಅರ್ಹತೆಯಲ್ಲ. ಕುಲ ಕೇಳದ ಧರ್ಮವೆಂದು ವೇದಿಕೆಯಲ್ಲಿ ಹೇಳುವ ನಾವು, ಕಾಲೇಜು ಆರಿಸುವಾಗ ಮಾತ್ರ ಕುಲ ಕೇಳಿದರೆ ಹೇಗೆ? ಮೇಲಿನ ಪ್ರಶ್ನೆಗಳ ಉತ್ತರಗಳನ್ನು, ಶಿಕ್ಷಕರೆಷ್ಟು, ಕಳೆದ ವರ್ಷ ಪಾಸಾದವರೆಷ್ಟು, ಅವರಲ್ಲಿ ವಕೀಲಿ ಮಾಡುತ್ತಿರುವವರೆಷ್ಟು ಎಂಬುದನ್ನು, ಕಾಲೇಜಿನ ಬಾಗಿಲಲ್ಲೇ ಬರೆದು ಹಾಕಿರಿ. ದಾಸೋಹ ಮಾಡಬಯಸುವ ಭಕ್ತರು ಒಂದು ಕಾಲೇಜಿಗೆ ಹೊಸ ಕಾನೂನು ಪುಸ್ತಕಗಳ ಒಂದು ಕಪಾಟು ಕೊಡಲಿ. ಸಂಜೆಯ ಬಸ್ಸು ತಪ್ಪುವ ಹೆಣ್ಣುಮಕ್ಕಳಿಗೆ ಮಠದ ಪ್ರಸಾದ ನಿಲಯದಲ್ಲಿ ಜಾಗವಿರಲಿ, ಯಾವ ಜಾತಿಯವಳೆಂದು ಕೇಳದೆ. ನಿಪ್ಪಾಣಿ 1925ರಲ್ಲಿ ಬಹಿಷ್ಕೃತರ ಪರಿಷತ್ತಿಗಾಗಿ ಬ್ಯಾರಿಸ್ಟರ್ ಅಂಬೇಡ್ಕರರು ಬಂದ ನೆಲ. ನೂರು ವರ್ಷವಾದ ಮೇಲೂ ಇಲ್ಲಿಯ ಬಡವರ ಮನೆಯ ಮಗಳು ವಕೀಲಳಾಗಲು ಬಸ್ಸಿನ ವೇಳೆ ಅಡ್ಡ ಬರಬಾರದು.

ಆ ಹುಡುಗಿ ಏನು ಮಾಡಿದಳೆಂದು ಕೇಳುವಿರಿ. ಒಂದು ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಒಂದು ತಾಸು ಕುಳಿತು ಕೇಳಿದಳು. ಅಲ್ಲಿಯ ಮೇಡಮ್ ಒಬ್ಬರು ಮೃತ್ಯುಪತ್ರದ ಕರಡನ್ನು ಕರಿಹಲಗೆಯ ಮೇಲೆ ಬರೆಸಿ, ಸಾಕ್ಷಿಗಳ ಸಹಿ ಏಕೆ ಬೇಕೆಂದು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳುತ್ತಿದ್ದರು. ಕಟ್ಟಡ ಸಾಧಾರಣ. ಗ್ರಂಥಾಲಯ ಸಣ್ಣದು, ಆದರೆ ಮೇಜುಗಳು ತುಂಬಿದ್ದವು. ಹಾಜರಿ ಕಡಿಮೆಯಾದರೆ ಮನೆಗೆ ಪತ್ರ ಬರುತ್ತದೆ ಎಂದು ಪ್ರಾಚಾರ್ಯರು ಮೊದಲೇ ಎಚ್ಚರಿಸಿದರು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ದಿನಾ ಕಳಸಬೇಕಾತು" ಎಂದರು. ಮಗಳು, "ಹೂಂರಿ ಅಪ್ಪಾ, ದಿನಾ" ಎಂದಳು. ಮರುದಿನ ಬಸ್ ಪಾಸಿಗೆ ಅರ್ಜಿ ಹಾಕಿದರು.

ಐದು ವರ್ಷದ ಮೇಲೆ ಅವಳು ಬರೆಯುವ ಮೊದಲ ನೋಟೀಸು ಯಾರದೋ ಬಡ ಅಕ್ಕನ ಪಾಲಿನ ಹೊಲದ್ದಾಗಿರಲಿ ಎಂದು ಹಾರೈಸುತ್ತೇನೆ. ಆ ದಿನ ನನ್ನ ಹಳೆಯ ತಪ್ಪಿನ ಭಾರ ಸ್ವಲ್ಪ ಇಳಿದೀತು.